ಚಿಕ್ಕಪ್ಪನ ಕಪ್ಪು ಪಿತ್ತ

ಹೆಬ್ಬಾಳದ ಫ್ಲೈಓವರ್ ಇವತ್ತಿನವರೆಗೂ ಬೀಳದೆ ನಿಂತಿದೆಯಲ್ಲ, ಅದಕ್ಕೆ ಕಾರಣ ಸಿಮೆಂಟೂ ಅಲ್ಲ, ಕಬ್ಬಿಣವೂ ಅಲ್ಲ, ನಮ್ಮ ಚಿಕ್ಕಪ್ಪ! ಹಾಗಂತ ಅವರೇನು ಎಂಜಿನಿಯರಲ್ಲ. ಯಲಹಂಕದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಆದರೆ ಆ ಫ್ಲೈಓವರ್ ಕಟ್ಟಿದಾಗಿನಿಂದ ಅದರ ಬಗ್ಗೆ ಒಂದು ದಿನವೂ ತಪ್ಪದೆ ಚಿಂತೆ ಮಾಡಿದವರು ಈ ಊರಿನಲ್ಲಿ ಅವರೊಬ್ಬರೇ. ಬಸ್ಸು ಅದರ ಮೇಲೆ ಹತ್ತಿತು ಅಂದರೆ ಸಾಕು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರುತ್ತಾರೆ. ಆಚೆ ಇಳಿದ ಮೇಲೇ ಉಸಿರು ಬಿಡುವುದು. ಟ್ರಾಫಿಕ್ ಜಾಮ್ ಆಗಿ ಬಸ್ಸು ಮೇಲೆಯೇ ನಿಂತುಬಿಟ್ಟರೆ? ಅವರ ಮುಖದ ಬಣ್ಣ ನೋಡಿ ಪಕ್ಕದಲ್ಲಿ ಕೂತವರು ನೀರಿನ ಬಾಟಲಿ ಕೊಟ್ಟದ್ದೂ ಉಂಟು!

"ಯಾಕೆ ಚಿಕ್ಕಪ್ಪಾ ಇಷ್ಟು ಹೆದರ್ತೀರಾ? ಇಷ್ಟು ಜನ ಓಡಾಡಲ್ವಾ?" ಎಂದು ನಾನು ಕೇಳಿದರೆ,

"ಹೆದರಿಕೆ ಅಲ್ಲ ಕಣೇ ಪುಟ್ಟಿ. ಯಾರಾದ್ರೂ ಒಬ್ರು ಅದರ ಬಗ್ಗೆ ಯೋಚನೆ ಮಾಡ್ತಿರಬೇಕು. ಎಲ್ರೂ ಫೋನ್ ನೋಡ್ಕೊಂಡು ಕೂತ್ರೆ ಪಾಪ, ಅದಕ್ಕಾದ್ರೂ ಬೇಜಾರಾಗಲ್ವಾ?" ಅನ್ನುತ್ತಾರೆ.

ಇದು ಅವರ ಜೀವನದ ಸಿದ್ಧಾಂತ. ನಾವು ಯಾವುದರ ಬಗ್ಗೆ ಚಿಂತೆ ಮಾಡುತ್ತೇವೋ ಅದು ಆಗುವುದಿಲ್ಲ. ಕಷ್ಟ ಬರುವುದು ನಾವು ನೋಡದೆ ಇರುವ ದಿಕ್ಕಿನಿಂದ ಮಾತ್ರ. ಆದ್ದರಿಂದ ಬುದ್ಧಿವಂತನಾದವನು ಎಲ್ಲಾ ದಿಕ್ಕಿಗೂ ಒಂದೊಂದು ಚಿಂತೆಯನ್ನು ಕಾವಲಿಗೆ ಹಾಕಿರಬೇಕು. ಇದು ತಪ್ಪು ಅಂತ ಸಾಧಿಸುವುದು ಹೇಗೆ ಹೇಳಿ? ಅವರು ಚಿಂತೆ ಮಾಡಿದ್ದು ಯಾವುದೂ ಇದುವರೆಗೆ ಆಗಿಲ್ಲವಲ್ಲ!

ಅಮೃತಹಳ್ಳಿಯ ಅವರ ಮನೆಯ ಮೇಲೆ ಜಕ್ಕೂರಿನ ಪುಟ್ಟ ವಿಮಾನಗಳು ಆಗಾಗ ಗುರ್ರೆಂದು ಹಾರಿಹೋಗುತ್ತವೆ. ವಿಮಾನ ಓಡಿಸುವುದು ಕಲಿಯುವ ಹುಡುಗ ಹುಡುಗಿಯರು. ಸದ್ದು ಕೇಳಿದ್ದೇ ಚಿಕ್ಕಪ್ಪ ಊಟದ ತಟ್ಟೆ ಬಿಟ್ಟು ಅಂಗಳಕ್ಕೆ ಓಡಿ, ಎಂಜಲು ಕೈಯನ್ನು ಹಣೆಗೆ ತಾಗದಂತೆ ಅಡ್ಡ ಹಿಡಿದು, ಅದು ಮರೆಯಾಗುವವರೆಗೂ ನೋಡಿ, "ಸದ್ಯ, ಹೋದ" ಎಂದು ಹೇಳಿ ಬಂದು ಸಾರಿಗೆ ಕೈ ಹಾಕುತ್ತಾರೆ. ಈ ಭಾಗದಲ್ಲಿ ಪೈಲಟ್ ಆದವರೆಲ್ಲ ತಮ್ಮ ಗುರುಗಳಿಗೆ ನಮಸ್ಕಾರ ಮಾಡಿದ ಮೇಲೆ ನಮ್ಮ ಚಿಕ್ಕಪ್ಪನಿಗೂ ಒಂದು ನಮಸ್ಕಾರ ಮಾಡಬೇಕು ಅಂತ ನನ್ನ ಅಭಿಪ್ರಾಯ.

ನನ್ನ ಮದುವೆಯ ಆಲ್ಬಂ ಇದೆ. ಧಾರೆಯ ಫೋಟೋದಲ್ಲಿ ಎಲ್ಲರೂ ನನ್ನನ್ನೂ ನನ್ನ ಗಂಡನನ್ನೂ ನೋಡುತ್ತಿದ್ದಾರೆ. ಒಬ್ಬರು ಮಾತ್ರ ಕತ್ತೆತ್ತಿ ಛಾವಣಿ ನೋಡುತ್ತಿದ್ದಾರೆ. ಅಲ್ಲೊಂದು ಫ್ಯಾನು ತಿರುಗುವಾಗ ಸ್ವಲ್ಪ ಅಲ್ಲಾಡುತ್ತಿತ್ತಂತೆ! ಅಕ್ಷತೆ ಹಾಕುವಾಗಲೂ ಅವರ ಕಣ್ಣು ಫ್ಯಾನಿನ ಮೇಲೇ ಇದ್ದದ್ದರಿಂದ ಅಷ್ಟೂ ಅಕ್ಷತೆ ಪುರೋಹಿತರ ತಲೆಗೆ ಬಿತ್ತು. ಪುರೋಹಿತರು ನೂರ್ಕಾಲ ಸುಖವಾಗಿರಲಿ.

ಇಂಥವರಿಗೆ ಹೆಂಡತಿಯಾಗಿ ಬಂದವರು ಹೇಗಿರಬೇಕು? ನಮ್ಮ ಚಿಕ್ಕಮ್ಮನ ತವರು ಹುಣಸಮಾರನಹಳ್ಳಿ. ಅವರಿಗೆ ಚಿಂತೆ ಅನ್ನುವುದು ಹೇಗಿರುತ್ತದೆ ಅಂತಲೇ ಗೊತ್ತಿಲ್ಲ. ಹಾಲು ಉಕ್ಕಿದರೆ "ಉಕ್ಲಿ ಬಿಡು, ಒಲೆಗೂ ಒಸಿ ಹಾಲು ಬೇಡ್ವಾ" ಅನ್ನುತ್ತಾರೆ. ನಮ್ಮ ಮನೆತನದ ದ್ರಾಕ್ಷಿತೋಟ ಲೇಔಟ್ ಆಗಿ, ಚಿಕ್ಕಪ್ಪನ ಪಾಲಿಗೆ ಬಂದದ್ದು ಅಮೃತಹಳ್ಳಿಯ ಈ ಒಂದು ಮನೆ, ಅದರ ಮುಂದೆ ಚಪ್ಪರಕ್ಕೆ ಹಬ್ಬಿದ ಒಂದೇ ಒಂದು ದ್ರಾಕ್ಷಿಬಳ್ಳಿ ಅಂತಾದಾಗ ಚಿಕ್ಕಪ್ಪ ಅನ್ನ ನೀರು ಬಿಟ್ಟು ಕೂತಿದ್ದರಂತೆ. ಚಿಕ್ಕಮ್ಮ ಬಳ್ಳಿಯ ಕೆಳಗೆ ಚಾಪೆ ಹಾಸಿ, "ತೋಟ ಇದ್ದಾಗ ಎಲ್ಲಿ ಕೂತ್ಕಳಕ್ಕೆ ಪುರ್ಸೊತ್ತಿತ್ತು? ಈಗ್ ಬನ್ನಿ ಮೇಷ್ಟ್ರೇ, ನೆಳ್ಳಾಗೈತೆ" ಎಂದರಂತೆ. ಅವರು ಗಂಡನನ್ನು ಕರೆಯುವುದೇ ಮೇಷ್ಟ್ರೇ ಅಂತ.

ಒಮ್ಮೆ ಇಬ್ಬರೂ ಹಬ್ಬಕ್ಕೆಂದು ಹುಣಸಮಾರನಹಳ್ಳಿಗೆ ಹೊರಟಿದ್ದರು. ಬಸ್ಸು ಇನ್ನೂ ಯಲಹಂಕ ಮುಟ್ಟಿಲ್ಲ, ಚಿಕ್ಕಪ್ಪನಿಗೆ ಹಿತ್ತಲ ಬಾಗಿಲ ಚಿಲಕದ ನೆನಪು ಬಂತು. ಹಾಕಿದೆನೋ ಇಲ್ಲವೋ? "ನಾನೇ ಆಕಿವ್ನಿ, ಕೂತ್ಕಳ್ರಿ" ಎಂದರು ಚಿಕ್ಕಮ್ಮ. ಕೇಳಿದರೆ ತಾನೆ? ಕೋಗಿಲು ಕ್ರಾಸಿನಲ್ಲಿ ಇಳಿದೇಬಿಟ್ಟರು. ಚಿಕ್ಕಮ್ಮ ಇಳಿಯಲಿಲ್ಲ. ತವರಿಗೆ ಹೋಗಿ, ಒಬ್ಬಟ್ಟು ತಿಂದು, ಒಂದು ನಿದ್ದೆ ತೆಗೆದು ಎದ್ದಾಗ ಚಿಕ್ಕಪ್ಪ ಬೆವರು ಒರೆಸಿಕೊಳ್ಳುತ್ತಾ ಬಂದರಂತೆ. "ಚಿಲ್ಕ ಆಕಿತ್ತಾ?" "ಹಾಕಿತ್ತು." "ನಂಗೊತ್ತಿತ್ತು." "ನಂಗೂ ಈಗ ಗೊತ್ತಾಯ್ತಲ್ಲ!" ಇಬ್ಬರಿಗೂ ಸಮಾಧಾನ.

ಅವರಿಗೆ ಮಕ್ಕಳಿಲ್ಲ. ಆರ್.ಟಿ. ನಗರದಲ್ಲಿರುವ ನಾನೇ, ಅಣ್ಣನ ಮಗಳು, ಭಾನುವಾರಗಳಲ್ಲಿ ಹೋಗಿ ಊಟ ಮಾಡಿ ಮಗಳ ಕೆಲಸ ಮಾಡಿ ಬರುತ್ತೇನೆ. ಅಂಥ ಒಂದು ಭಾನುವಾರ ಬೆಳಗ್ಗೆ ಚಿಕ್ಕಪ್ಪ ಚಪ್ಪರದ ಕೆಳಗೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ಏನಾಯಿತು ಅಂದರೆ ಏನೂ ಆಗಿಲ್ಲವಂತೆ. ಅದೇ ಅವರಿಗೆ ಕಸಿವಿಸಿ! ನಾನು ಸ್ವಲ್ಪ ತಿಳಿದವಳ ಹಾಗೆ, "ಚಿಕ್ಕಪ್ಪಾ, ಇದು ಡಿಪ್ರೆಷನ್ ಇರಬಹುದು, ಒಬ್ಬರು ಡಾಕ್ಟ್ರನ್ನ ನೋಡೋಣ" ಎಂದೆ.

ಚಿಕ್ಕಪ್ಪ ಸಟ್ಟನೆ ನೆಟ್ಟಗೆ ಕೂತರು. ಅವಮಾನವಾದದ್ದು ಅವರಿಗಲ್ಲ, ಅವರ ಇಂಗ್ಲಿಷಿಗೆ.

"ಡಿಪ್ರೆಷನ್ ಆಗೋದು ಬಂಗಾಳಕೊಲ್ಲೀಲಿ! ಅದಾದ್ರೆ ಮಳೆ ಬರುತ್ತೆ. ನನಗಿರೋದು ಮೆಲಂಕಲಿ."

"ಎರಡಕ್ಕೂ ಏನು ವ್ಯತ್ಯಾಸ?"

ಕೇಳಬಾರದಿತ್ತು. ನಿವೃತ್ತ ಮೇಷ್ಟ್ರ ಮುಂದೆ 'ವ್ಯತ್ಯಾಸ' ಅನ್ನುವ ಮಾತು ಆಡಿದರೆ ಬೆಲ್ ಹೊಡೆಯುವವರೆಗೂ ಬಿಡುಗಡೆಯಿಲ್ಲ. ಅಲ್ಲಿ ಬೆಲ್ ಹೊಡೆಯುವವರೂ ಇರಲಿಲ್ಲ.

"ಇದು ಗ್ರೀಕರ ಮಾತು ಕಣೇ. ಮೆಲಾಸ್ ಅಂದ್ರೆ ಕಪ್ಪು. ಖೊಲೆ ಅಂದ್ರೆ..."

"ಬೆಳ್ ಬೆಳಗ್ಗೆ ಕೊಲೆ ಮಾತು ಯಾಕ್ರೀ?" ಅಡುಗೆಮನೆಯಿಂದ ಚಿಕ್ಕಮ್ಮ.

"ಕೊಲೆ ಅಲ್ಲ ಕಣೇ, ಖೊಲೆ! ಅಂದ್ರೆ ಪಿತ್ತ. ಮೆಲಂಕಲಿ ಅಂದ್ರೆ ಕಪ್ಪು ಪಿತ್ತ. ಹಿಂದಿನ ಕಾಲದ ಗ್ರೀಕ್ ವೈದ್ಯರು ಮನುಷ್ಯನ ಮೈಯಲ್ಲಿ ನಾಲ್ಕು ರಸ ಇದೆ ಅಂತಿದ್ರು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ನಾಲ್ಕೂ ಸಮವಾಗಿದ್ರೆ ಮನುಷ್ಯ ಸರಿಯಾಗಿರ್ತಾನೆ. ಕಪ್ಪು ಪಿತ್ತ ಜಾಸ್ತಿ ಆಯ್ತೋ, ಕಾರಣ ಇಲ್ದೆ ಮಂಕಾಗಿ ಕೂತ್ಕೋತಾನೆ. ನಾವೂ ಅಂತೀವಲ್ಲ, ಪಿತ್ತ ನೆತ್ತಿಗೇರ್ತು ಅಂತ. ಎಲ್ಲಿಯ ಗ್ರೀಕರು, ಎಲ್ಲಿಯ ನಾವು! ಹೊಟ್ಟೆ ಕೆಟ್ರೆ ತಲೆ ಕೆಡುತ್ತೆ ಅನ್ನೋದು ಮಾತ್ರ ಎಲ್ರಿಗೂ ಗೊತ್ತಿತ್ತು ನೋಡು."

ಹೇಳುತ್ತಾ ಹೇಳುತ್ತಾ ಅವರ ಮಂಕು ಎಲ್ಲಿ ಹೋಯಿತೋ! ಕಣ್ಣು ಹೊಳೆಯುತ್ತಿತ್ತು. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವರ ಹಾಗೆ ಹೇಳಿದರು: "ಇದರಲ್ಲಿ ಒಂದು ತಮಾಷೆ ಇದೆ. ಹಳದಿ ಪಿತ್ತ ಇದೆ, ನಿಜ. ಆದ್ರೆ ಕಪ್ಪು ಪಿತ್ತ ಅನ್ನೋ ರಸ ಮನುಷ್ಯನ ಮೈಯಲ್ಲಿ ಇಲ್ವೇ ಇಲ್ಲ! ಇಲ್ಲದ್ದಕ್ಕೆ ಹೆಸರಿಟ್ಟು, ತಲೆತಲಾಂತರ ಅದಕ್ಕೆ ಔಷಧಿ ಕೊಟ್ರು."

ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಅಂದ್ರೆ, ಇಲ್ದಿರೋದಕ್ಕೆ ತಲೆ ಕೆಡಿಸ್ಕಳೋರು ನೀವೊಬ್ರೇ ಅಲ್ಲ ಅಂದಂಗಾಯ್ತು. ಏನಂದ್ರಿ ಅದ್ನ? ಮೆಲ್ಲಂಗೆ ಕಲಿ?"

"ಮೆಲಂಕಲಿ!"

"ಮೆಲ್ಲಂಗೇ ಕಲೀರಿ. ಇಷ್ಟ್ ವರ್ಸ ಆಯ್ತು, ನಗೋದು ಇನ್ನೂ ಕಲೀಲಿಲ್ಲ."

ಅಷ್ಟಕ್ಕೇ ಬಿಡುವವರಲ್ಲ ಚಿಕ್ಕಮ್ಮ. ಪಿತ್ತ ಅಂದ ಮೇಲೆ ಅದಕ್ಕೊಂದು ಔಷಧಿ ಇರಲೇಬೇಕಲ್ಲ! ಮರುದಿನದಿಂದ ಜೀರಿಗೆ, ಧನಿಯ ಹಾಕಿ ಕುದಿಸಿದ ಕಷಾಯ ಲೋಟದ ತುಂಬ ಬರತೊಡಗಿತು. ಗ್ರೀಕರ ಕಾಯಿಲೆಗೆ ಹುಣಸಮಾರನಹಳ್ಳಿಯ ಕಷಾಯ! ಚಿಕ್ಕಪ್ಪ ಅದನ್ನು ಕುಡಿಯುತ್ತಾ, ಜಾಸ್ತಿ ಕುಡಿದರೆ ಕಿಡ್ನಿಗೇನಾದರೂ ಆಗಬಹುದೇ ಎಂದು ಚಿಂತೆ ಮಾಡುತ್ತಾ ಸುಖವಾಗಿದ್ದರು.

ಹೀಗಿರುವಾಗ ಯುಗಾದಿ ಕಳೆದ ಮಾರನೆಯ ದಿನ ಚಿಕ್ಕಮ್ಮನಿಗೆ ಬಲಪಕ್ಕೆಯ ಕೆಳಗೆ ನೋವು ಬಂತು. ಒಬ್ಬಟ್ಟಿನ ಮೇಲೆ ತುಪ್ಪ ಜಾಸ್ತಿಯಾಗಿ ಗ್ಯಾಸ್ ಆಗಿದೆ ಎಂದು ಸೋಡಾ ಕುಡಿದರು. ಇಳಿಯಲಿಲ್ಲ. ಕಷಾಯ ಕುಡಿದರು, ಇಳಿಯಲಿಲ್ಲ. ಬೆನ್ನಿಗೆ ಹಬ್ಬಿ, ಬೆವರಿ, ವಾಂತಿಯಾದ ಮೇಲೆ ಚಿಕ್ಕಪ್ಪ ನನಗೆ ಫೋನ್ ಮಾಡಿದರು. ಸಹಕಾರನಗರದಲ್ಲಿ ಸ್ಕ್ಯಾನ್ ಮಾಡಿಸಿ, ಅಲ್ಲಿಂದ ಹೆಬ್ಬಾಳದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆವು. ಸರ್ಜನ್ ಚಿಕ್ಕ ವಯಸ್ಸಿನವರು, ನಿಧಾನವಾಗಿ ಮಾತಾಡುವವರು.

"ಪಿತ್ತಕೋಶದಲ್ಲಿ ಕಲ್ಲಿದೆ ಅಮ್ಮ. ಕೋಶಾನೇ ತೆಗೆದುಬಿಡೋಣ, ಅದಿಲ್ದೆ ಆರಾಮಾಗಿ ಇರಬಹುದು. ಆದ್ರೆ ಕೋಶದ ಗೋಡೆ ಒಂದು ಕಡೆ ದಪ್ಪಗಾಗಿದೆ. ಹಳೇ ಊತ ಇರಬಹುದು. ಬೇರೆ ಏನಾದ್ರೂ ಇರಬಹುದು. ತೆಗೆದ ಮೇಲೆ ಟೆಸ್ಟಿಗೆ ಕಳಿಸ್ತೀವಿ. ಆ ರಿಸಲ್ಟ್ ಬರೋವರೆಗೂ ನಾನು ಏನೂ ಹೇಳಕ್ಕಾಗಲ್ಲ."

ಬೇರೆ ಏನಾದರೂ! ಆ ಮಾತಿನ ಅರ್ಥ ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ನಾನು ಮೊದಲು ನೋಡಿದ್ದು ಚಿಕ್ಕಮ್ಮನನ್ನಲ್ಲ, ಚಿಕ್ಕಪ್ಪನನ್ನು. ಅಲ್ಲಾಡುವ ಫ್ಯಾನಿಗೆ ಬೆವರುವ ಮನುಷ್ಯ, ಈಗ ಕುರ್ಚಿಯಿಂದ ಬೀಳುತ್ತಾರೆ ಅಂತ ಹಿಡಿಯಲು ಕೈ ಮುಂದೆ ಮಾಡಿದ್ದೆ.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. "ಅಲ್ಲಾ ಡಾಕ್ಟ್ರೇ, ಪಿತ್ತ ಇರೋದು ನನಗೆ. ಕೋಶ ತೆಗೆಯೋದು ಇವಳದ್ದಾ? ಇದ್ಯಾವ ನ್ಯಾಯ?"

ಡಾಕ್ಟರು ನಕ್ಕರು. ನರ್ಸ್ ನಕ್ಕಳು. ನಾನೂ ಚಿಕ್ಕಮ್ಮನೂ ನಗಲಿಲ್ಲ. ಚಿಕ್ಕಪ್ಪ ಜೋಕ್ ಮಾಡಿದ್ದನ್ನು ನಾವಿಬ್ಬರೂ ಅದಕ್ಕೆ ಮುಂಚೆ ಕಂಡಿರಲೇ ಇಲ್ಲ!

ಅಲ್ಲಿಂದ ಶುರುವಾಯಿತು ನೋಡಿ. ಆವತ್ತು ನೋವಿಗೆ ಇಂಜೆಕ್ಷನ್ ಹಾಕಿಸಿ, ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡು ವಾಪಸ್ ಬರುವಾಗ ನಮ್ಮ ಆಟೋ ಫ್ಲೈಓವರ್ ಹತ್ತಿತು. ಚಿಕ್ಕಪ್ಪ ಕಂಬಿ ಹಿಡಿಯಲಿಲ್ಲ. ಕತ್ತು ಹೊರಗೆ ಹಾಕಿ, "ನೋಡೇ, ಕೆರೇಲಿ ಎಷ್ಟೊಂದು ಬೆಳ್ಳಕ್ಕಿ!" ಎಂದರು. ಹೆದರಿದ್ದು ನಾನು. ಇಷ್ಟು ವರ್ಷ ತನ್ನನ್ನು ಕಾಯುತ್ತಿದ್ದವರು ಹೀಗೆ ಕಣ್ಣು ತಪ್ಪಿಸಿದ್ದು ನೋಡಿ ಆ ಫ್ಲೈಓವರಿಗೂ ಎದೆ ಧಸಕ್ ಅಂದಿರಬೇಕು! ಮನೆಗೆ ಹೋದ ಮೇಲೆ ಹಾಲಿನವನಿಗೆ, ಪೇಪರಿನವನಿಗೆ, ಎದುರು ಮನೆಯವರಿಗೆ, ಸಿಕ್ಕವರಿಗೆಲ್ಲ ಚಟಾಕಿ. ತಲೆಯ ಮೇಲೆ ವಿಮಾನ ಹೋದರೆ ತಟ್ಟೆ ಬಿಟ್ಟು ಏಳಲಿಲ್ಲ. "ಹೋಗ್ಲಿ ಬಿಡು, ಕಲ್ತುಕೋತಾವೆ" ಎಂದರು. ಹಿತ್ತಲ ಚಿಲಕವನ್ನು ಒಮ್ಮೆ ಹಾಕಿ ಹಿಂದಿರುಗಿ ನೋಡದೆ ಬಂದುಬಿಟ್ಟರು. ನಮ್ಮಪ್ಪ ಬಂದು ತಮ್ಮನನ್ನು ನೋಡಿಕೊಂಡು ಹೋದವರು ನನಗೆ ಫೋನ್ ಮಾಡಿ, "ಅವಳಿಗೆ ಆಪರೇಷನ್ ಸರಿ, ಇವನಿಗೂ ಎಲ್ಲಾದ್ರೂ ತೋರಿಸ್ರಮ್ಮ" ಎಂದರು.

ಇತ್ತ ಚಿಕ್ಕಮ್ಮ? ಆಪರೇಷನ್ನಿನ ಹಿಂದಿನ ದಿನ ನಾನು ಬಟ್ಟೆ ಜೋಡಿಸಲು ಹೋದೆ. ಚಿಕ್ಕಪ್ಪ ಹೊರಗೆ ಬಳ್ಳಿಗೆ ನೀರು ಬಿಡುತ್ತಾ ಶಿಳ್ಳೆ ಹಾಕುತ್ತಿದ್ದರು. ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ಪುಟ್ಟೀ, ನಿಜ ಏಳು. ಡಾಕ್ಟ್ರು ನಿಮ್ ಚಿಕ್ಕಪ್ಪನ ಕೈಲಿ ಏನೋ ಏಳವ್ರೆ."

"ಏನೂ ಹೇಳಿಲ್ಲ ಚಿಕ್ಕಮ್ಮಾ. ನಾನೂ ಅಲ್ಲೇ ಇದ್ನಲ್ಲ."

"ಇಲ್ಲ, ಏಳವ್ರೆ. ಇಲ್ದಿದ್ರೆ ಇವ್ರು ಇಂಗಿರಲ್ಲ. ಮದ್ವೆ ಆದಾಗಿಂದ ನೋಡಿವ್ನಿ, ಒಂದಿನ ಶಿಳ್ಳೆ ಆಕ್ದೋರಲ್ಲ. ದೊಡ್ಡದೇ ಏನೋ ಐತೆ. ಅದ್ಕೇ ನಂಗೆ ಗೊತ್ತಾಗ್ಬಾರ್ದು ಅಂತ ಇಂಗಾಡ್ತಾವ್ರೆ." ಸೆರಗಿನಿಂದ ಮುಖ ಒತ್ತಿಕೊಂಡರು. "ಅವ್ರು ಯೋಚ್ನೆ ಮಾಡ್ತಾ ಕೂತಿದ್ರೆ ನಂಗೊಂದು ಧೈರ್ಯ ಕಣವ್ವ. ಎಲ್ಲಾನೂ ಅವ್ರು ನೋಡ್ಕತಾವ್ರೆ, ನಾನ್ಯಾಕೆ ನೋಡ್ಲಿ ಅಂತ ಇಷ್ಟ್ ದಿನ ನಕ್ಕಂಡಿದ್ದೆ. ಈಗ ರಾತ್ರಿಯೆಲ್ಲ ನಂಗೇ ನಿದ್ದೆ ಬರಲ್ಲ. ಚಿಲ್ಕನೂ ನಾನೇ ಎದ್ದೋಗಿ ನೋಡ್ತೀನಿ!"

ಇಷ್ಟು ವರ್ಷ ನಾವೆಲ್ಲ ತಿಳಿದದ್ದೇನು? ಚಿಂತೆಯ ಗಂಡ, ನಗುವ ಹೆಂಡತಿ, ಪಾಪ ಆಕೆ ಹೇಗೆ ಬಾಳುತ್ತಾಳೋ ಅಂತ. ಆಕೆ ನಗುತ್ತಿದ್ದದ್ದೇ ಆತನ ಚಿಂತೆಯ ನೆರಳಿನಲ್ಲಿ ಅಂತ ಯಾರಿಗೆ ಗೊತ್ತಿತ್ತು!

ಅಷ್ಟರಲ್ಲಿ ಚಿಕ್ಕಪ್ಪ ಬಕೆಟ್ ಇಡಲು ಒಳಗೆ ಬಂದರು. ಚಿಕ್ಕಮ್ಮ ಅವರ ಎದುರು ನಿಂತುಬಿಟ್ಟರು.

"ಏನ್ರೀ ಮೇಷ್ಟ್ರೇ, ಒಸಿ ಚಿಂತೆ ಮಾಡ್ರಿ!"

"ಆಂ?"

"ಚಿಂತೆ ಮಾಡ್ರಿ ಅಂದೆ. ಇಂಗ್ ನಕ್ಕಂಡಿದ್ರೆ ನಂಗೆ ಕೈಕಾಲು ಬಿದ್ದೋಗ್ತಾವೆ."

ಚಿಕ್ಕಪ್ಪ ನನ್ನ ಮುಖ ನೋಡಿದರು. ಬಕೆಟ್ ಕೆಳಗಿಟ್ಟರು. ಹೆಂಡತಿ ಕೇಳಿದ್ದನ್ನು ಇಲ್ಲ ಅನ್ನುವುದು ಹೇಗೆ? ಹುಬ್ಬು ಗಂಟಿಕ್ಕಿ, ಗಲ್ಲಕ್ಕೆ ಕೈಕೊಟ್ಟು, "ಅಲ್ಲಾ... ನಾಳೆ ಆಸ್ಪತ್ರೆ ಲಿಫ್ಟು ಮಧ್ಯದಲ್ಲಿ ನಿಂತುಬಿಟ್ರೆ?" ಎಂದರು.

"ಊಂ, ಆಮೇಲೆ?"

"ಆಮೇಲೆ... ಡಾಕ್ಟ್ರು ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ?"

"ಆಮೇಲೆ?"

ಅದೇ ಮೊದಲ ಬಾರಿಗೆ ಚಿಕ್ಕಪ್ಪನ ಚಿಂತೆಯ ಅಂಗಡಿಯಲ್ಲಿ ಸರಕು ಮುಗಿದಿತ್ತು. ಚಿಕ್ಕಮ್ಮ ನಿಟ್ಟುಸಿರು ಬಿಟ್ಟರು. "ಬಿಡಿ. ಇದು ಸುಳ್ ಚಿಂತೆ. ನಂಗ್ ಗೊತ್ತಾಗಲ್ವಾ?"

ಮಾರನೆಯ ದಿನ ಚಿಕ್ಕಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಆಪರೇಷನ್ ಥಿಯೇಟರಿನ ಹೊರಗಿನ ಸಾಲು ಕುರ್ಚಿಯಲ್ಲಿ ನಾವಿಬ್ಬರು. ಪಕ್ಕದಲ್ಲಿ ಬಾಗಲಗುಂಟೆಯಿಂದ ಬಂದಿದ್ದ ಒಬ್ಬ ಮನುಷ್ಯ. ಆತನ ತಾಯಿಯೂ ಒಳಗಿದ್ದರು. ಆತ ಕಾಲು ಕುಣಿಸುತ್ತಾ, ಉಗುರು ಕಚ್ಚುತ್ತಾ ಕೂತಿದ್ದ. ಚಿಕ್ಕಪ್ಪ ಆತನಿಗೆ ಕಾಫಿ ತಂದುಕೊಟ್ಟು, ಗ್ರೀಕರ ನಾಲ್ಕು ರಸದ ಪಾಠ ಶುರುಮಾಡಿದರು! ಆತ ಪಾಪ, ತಲೆಯಾಡಿಸುತ್ತಾ ಕೇಳಿ, ಕೊನೆಗೆ, "ಸಾರ್, ನಮ್ಮ ಮನೆಯವಳಿಗೂ ಅದೇ ಇರ್ಬೇಕು ಸಾರ್. ಆದ್ರೆ ಅವಳ್ದು ಕಪ್ಪಲ್ಲ, ಕೆಂಪು ಪಿತ್ತ" ಎಂದ. ಇಬ್ಬರೂ ನಕ್ಕರು. ಅಷ್ಟರಲ್ಲಿ ಬಾಗಿಲು ತೆರೆದು ಆತನನ್ನು ಒಳಗೆ ಕರೆದರು. ಹೊರಗೆ ಬಂದವನು ತಾಯಿ ಚೆನ್ನಾಗಿದ್ದಾರೆಂದು ಕೈಮುಗಿದು ಹೇಳಿ ಹೋದ.

ನಾವಿಬ್ಬರೇ ಉಳಿದೆವು. ಥಿಯೇಟರಿನ ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಲೇ ಇತ್ತು.

"ಚಿಕ್ಕಪ್ಪಾ," ಕೇಳಿಯೇಬಿಟ್ಟೆ, "ನಿಮಗೆ ನಿಜವಾಗ್ಲೂ ಭಯ ಆಗ್ತಿಲ್ವಾ?"

ಅವರು ಖಾಲಿ ಕಾಫಿ ಕಪ್ಪನ್ನು ಕುರ್ಚಿಯ ಕೆಳಗೆ ಸರಿಸಿದರು.

"ಪ್ರಯತ್ನ ಮಾಡ್ದೆ ಕಣೇ. ಸ್ಕ್ಯಾನ್ ಮಾಡಿಸಿದ ದಿನಾನೇ ಮಾಡ್ದೆ. ನಾನು ಏನೇ ಚಿಂತೆ ಮಾಡಿದ್ರೂ ಪೂರ್ತಿ ಮಾಡೋನು. ಫ್ಲೈಓವರ್ ಬಿತ್ತು ಅಂದ್ಕೊ. ಬಿದ್ಮೇಲೆ ಯಾರಿಗೆ ಫೋನ್ ಮಾಡ್ಬೇಕು, ಯಾವ ಕಡೆಯಿಂದ ಮನೆಗೆ ಹೋಗ್ಬೇಕು, ಎಲ್ಲಾ ಯೋಚನೆ ಮಾಡಿಟ್ಟಿರ್ತೀನಿ. ಅದಾದ್ಮೇಲೆ ಅದು ನನ್ನನ್ನ ಹೆದರಿಸಲ್ಲ." ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. "ಹಂಗೇ ಇದನ್ನೂ ಯೋಚನೆ ಮಾಡೋಣ ಅಂತ ಕೂತೆ. ಇವಳಿಲ್ಲ. ಎಲ್ಲಾ ಮುಗೀತು, ಜನ ಎಲ್ಲಾ ಹೋದ್ರು. ನಾನು ಬೀಗ ತೆಗೆದು ಮನೆ ಒಳಗೆ ಹೋಗ್ಬೇಕು. ಅಲ್ಲಿಗೆ ಬಂದು ನಿಂತುಬಿಡ್ತು ಕಣೇ. ಬೀಗ ತೆಗೀತೀನಿ, ಬಾಗಿಲು ತಳ್ತೀನಿ, ಒಳಗೆ ಕಾಲಿಡಕ್ಕೆ ಆಗಲ್ಲ. ಮತ್ತೆ ಶುರು ಮಾಡ್ತೀನಿ, ಮತ್ತೆ ಹೊಸಲಲ್ಲೇ ನಿಂತ್ಕೋತೀನಿ. ಅಲ್ಲಿಂದ ಮುಂದಕ್ಕೆ ನನ್ನ ಹತ್ರ ಯೋಚನೆ ಇಲ್ಲ. ಅದಕ್ಕೇ ಆ ಕಡೆ ಹೋಗೋದೇ ಬಿಟ್ಬಿಟ್ಟೆ. ಏನೋ ಒಂದು ಮಾತಾಡ್ತಾ ಇರ್ತೀನಿ."

ಲಲಿತವಾಗಿ ಏನಾದರೂ ಬರೆಯುತ್ತೇನೆ ಅಂತ ಕೂತವಳಿಗೆ ಇಲ್ಲೊಂದು ನಗೆಮಾತು ಸಿಗಬೇಕಿತ್ತು. ಸಿಗಲಿಲ್ಲ. ಅವರ ಕೈಯಿಂದ ಕನ್ನಡಕ ತೆಗೆದುಕೊಂಡು, ಅದಾಗಲೇ ಸ್ವಚ್ಛವಾಗಿದ್ದ ಗಾಜನ್ನು ನಾನೂ ಒಂದಿಷ್ಟು ಒರೆಸಿ ಕೊಟ್ಟೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ಹೊರಗೆ ಬಂದು ಪುಟ್ಟ ಡಬ್ಬಿಯೊಂದನ್ನು ತೋರಿಸಿದರು. ಒಳಗೆ ಮೆಣಸಿನ ಕಾಳಿನಂಥ ಕಲ್ಲುಗಳು. ಕಡುಗಪ್ಪು! ಚಿಕ್ಕಪ್ಪ ಡಬ್ಬಿಯನ್ನು ಬೆಳಕಿಗೆ ಹಿಡಿದು, "ಪುಟ್ಟೀ, ನೋಡೇ! ಗ್ರೀಕರು ಪೂರ್ತಿ ಸುಳ್ಳು ಹೇಳಿರಲಿಲ್ಲ!" ಎಂದರು. ಎಚ್ಚರವಾದ ಚಿಕ್ಕಮ್ಮನಿಗೂ ಅದನ್ನು ತೋರಿಸಿದ್ದಾಯಿತು. ಮಂಪರಿನಲ್ಲೇ ಕಣ್ಣು ಕಿರಿದು ಮಾಡಿ ನೋಡಿದ ಚಿಕ್ಕಮ್ಮ, "ನಿಮ್ ಚಿಂತೆ ಎಲ್ಲಾ ಎಲ್ಲೋಯ್ತು ಅಂದ್ಕಂಡಿದ್ದೆ. ಇಷ್ಟ್ ದಿನ ನನ್ ಒಟ್ಟೇಲಿ ಇಟ್ಟಿದ್ರಾ ಮೇಷ್ಟ್ರೇ?" ಎಂದು ಮತ್ತೆ ನಿದ್ದೆ ಹೋದರು.

ಆದರೆ ಟೆಸ್ಟಿನ ಫಲಿತಾಂಶ ಬರಬೇಕಿತ್ತಲ್ಲ. ಮನೆಗೆ ಬಂದು, ನಾನೂ ಅವರ ಜೊತೆ ಅಲ್ಲೇ ಉಳಿದುಕೊಂಡ ಮೇಲೂ ಅದೊಂದೇ ಕಾಯುವಿಕೆ. ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಫೋನ್ ಬಂದರೆ ಮೂವರೂ ಒಟ್ಟಿಗೆ ಬೆಚ್ಚುತ್ತಿದ್ದೆವು. ಅದರಲ್ಲಿ ಯಾರೋ ಸೈಟ್ ಬೇಕಾ ಅಂತಲೋ, ಸಾಲ ಬೇಕಾ ಅಂತಲೋ ಕೇಳುತ್ತಿದ್ದರು. ಬೇಕಾದ್ದು ಅವರ ಹತ್ತಿರ ಇರಲಿಲ್ಲ. ಚಿಕ್ಕಪ್ಪ ಅಡುಗೆ ಮಾಡಿದರು. ಉಪ್ಪಿಟ್ಟು ಅಂತ ಹೇಳಿದ್ದರಿಂದ ಉಪ್ಪಿಟ್ಟು ಅಂತ ತಿಂದೆವು. ಚಿಕ್ಕಮ್ಮ ಮಲಗಿದಲ್ಲಿಂದಲೇ, "ಗ್ಯಾಸ್ ಆಫ್ ಮಾಡಿದ್ರಾ? ಬಾಗ್ಲಾಕಿದ್ರಾ?" ಎಂದು ಕೂಗಿ ಕೇಳುತ್ತಿದ್ದರು. ಚಿಕ್ಕಪ್ಪ "ಹಾಕಿದೀನಿ, ಹಾಕಿದೀನಿ" ಅನ್ನುತ್ತಿದ್ದರು. ಆ ಮನೆಯಲ್ಲಿ ಯಾರು ಯಾರೆಂಬುದು ನನಗೇ ಅದಲುಬದಲಾಗುತ್ತಿತ್ತು.

ಕೊನೆಗೂ ಡಾಕ್ಟರು ಬರಹೇಳಿದರು. ಫೋನಿನಲ್ಲಿ ಏನೂ ಹೇಳಲಿಲ್ಲ. ಹೇಳದೆ ಇದ್ದರೆ ಒಳ್ಳೆಯದೋ ಕೆಟ್ಟದ್ದೋ? ದಾರಿಯುದ್ದಕ್ಕೂ ಚಿಕ್ಕಪ್ಪ ಆಟೋದವನ ಜೊತೆ ಮೆಣಸಿನಕಾಯಿ ಬಜ್ಜಿಯ ವಿಚಾರ ಮಾತಾಡಿದರು. ಚಿಕ್ಕಮ್ಮ ನನ್ನ ಕೈಯನ್ನು ಬಿಡಲೇ ಇಲ್ಲ. ಇಳಿದಾಗ ನನ್ನ ಬೆರಳುಗಳಲ್ಲಿ ಅವರ ಉಂಗುರದ ಗುರುತು ಮೂಡಿತ್ತು.

ಡಾಕ್ಟರು ನಾವು ಕೂರುವ ಮುಂಚೆಯೇ ಹೇಳಿಬಿಟ್ಟರು. "ಏನಿಲ್ಲ ಅಮ್ಮ. ಹಳೇ ಊತ ಅಷ್ಟೇ. ಬೇರೆ ಏನೂ ಇಲ್ಲ. ಆರಾಮಾಗಿರಿ."

ಚಿಕ್ಕಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮನೆದೇವರನ್ನು ನೆನೆದರು. ಚಿಕ್ಕಪ್ಪ, "ಬಹಳ ಥ್ಯಾಂಕ್ಸ್ ಡಾಕ್ಟ್ರೇ" ಎಂದು ಕೈಕುಲುಕಿ, ಒಬ್ಬಟ್ಟು ತಿನ್ನಬಹುದೇ, ಮೆಟ್ಟಿಲು ಹತ್ತಬಹುದೇ ಎಂದೆಲ್ಲ ಅಚ್ಚುಕಟ್ಟಾಗಿ ವಿಚಾರಿಸಿ, ನರ್ಸಿಗೂ ಥ್ಯಾಂಕ್ಸ್ ಹೇಳಿ, ನಮಗಿಂತ ಮುಂದಾಗಿ ಮೆಟ್ಟಿಲಿಳಿದು ಬಂದರು.

ನಾನು ಆಟೋ ಕರೆಯಲು ಹೋದೆ. ಚಿಕ್ಕಮ್ಮ ಬೇಡ ಎಂದರು. "ಎಷ್ಟ್ ದಿನ ಆಯ್ತು ಮನೆ ಒಳಗೇ ಇದ್ದು. ಬಸ್ಸಲ್ಲಿ ಓಗಾನ, ನಾಕ್ ಜನನ ನೋಡ್ಕಂಡು." ಮಧ್ಯಾಹ್ನದ ಹೊತ್ತು, ಸ್ಟಾಪಿನಲ್ಲಿ ಹೆಚ್ಚು ಜನರಿರಲಿಲ್ಲ. ಸೊಪ್ಪಿನ ಬುಟ್ಟಿ ಖಾಲಿ ಮಾಡಿಕೊಂಡು ಊರಿಗೆ ಹೊರಟ ಒಬ್ಬ ಅಜ್ಜಿ ಬೆಂಚಿನ ಒಂದು ತುದಿಯಲ್ಲಿ ಕೂತಿದ್ದರು. ಇನ್ನೊಂದು ತುದಿಯಲ್ಲಿ ನಾವು ಚಿಕ್ಕಮ್ಮನನ್ನು ಕೂರಿಸಿದೆವು. ಚಿಕ್ಕಪ್ಪ ಪಕ್ಕದಲ್ಲಿ ಕೂತು, ಜೇಬಿನಿಂದ ಕರ್ಚೀಫು ತೆಗೆದು, ಕತ್ತು ಒರೆಸಿಕೊಳ್ಳಲು ಹೋದರು. ಒರೆಸಿಕೊಳ್ಳಲಿಲ್ಲ. ಕರ್ಚೀಫನ್ನು ಹಾಗೇ ಬಾಯಿಗೆ ಒತ್ತಿಕೊಂಡರು. ಭುಜ ಅಲ್ಲಾಡಿತು. ಮೊದಲು ಕೆಮ್ಮು ಅಂದುಕೊಂಡೆ. ಆಮೇಲೆ ದನಿ ಬಂತು. ಅರವತ್ತು ದಾಟಿದ ನಮ್ಮ ಚಿಕ್ಕಪ್ಪ, ತರಗತಿಗಳನ್ನೆಲ್ಲ ಒಂದೇ ಗದರಿಕೆಗೆ ಸುಮ್ಮನಾಗಿಸಿದ ಮೇಷ್ಟ್ರು, ಹಾಡಹಗಲಲ್ಲಿ, ಬಸ್ ಸ್ಟಾಪಿನಲ್ಲಿ, ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಸೊಪ್ಪಿನ ಅಜ್ಜಿ ಗಾಬರಿಯಾಗಿ ಹತ್ತಿರ ಸರಿದರು. "ಅಯ್ಯೋ, ಏನಾಯ್ತವ್ವಾ? ಯಾರ್ಗೇನಾಯ್ತು?"

"ಯಾರ್ಗೂ ಏನೂ ಆಗಿಲ್ಲ ಕಣಮ್ಮಾ," ಎಂದರು ಚಿಕ್ಕಮ್ಮ. "ಅದ್ಕೇ ಅಳ್ತಾವ್ರೆ."

ಅಜ್ಜಿಗೆ ಅದು ಪೂರ್ತಿ ಅರ್ಥವಾಯಿತು ಅಂತ ಕಾಣುತ್ತದೆ. ತಲೆಯಾಡಿಸಿ ಮುಖ ಆ ಕಡೆ ತಿರುಗಿಸಿ ಕೂತರು. ನಾನು ನೀರಿನ ಬಾಟಲಿ ಮುಂದೆ ಹಿಡಿದೆ. ಚಿಕ್ಕಮ್ಮ ಬೇಡ ಎಂದು ಸನ್ನೆ ಮಾಡಿದರು. ಗಂಡನ ತಲೆಯನ್ನು ಮೆಲ್ಲಗೆ ತಮ್ಮ ಭುಜಕ್ಕೆ ಎಳೆದುಕೊಂಡು, ಹೊಲಿಗೆ ಹಾಕಿದ ಕಡೆ ನೋವಾಗದಂತೆ ಸ್ವಲ್ಪ ವಾಲಿ ಕೂತು, ಬೆನ್ನು ಸವರತೊಡಗಿದರು. ಆಗಲೇ ನಮ್ಮ ಬಸ್ಸು ಬಂತು. ಖಾಲಿ ಬಸ್ಸು! ಬೇಕಾದಷ್ಟು ಸೀಟು. ನಾನು ಚೀಲ ಎತ್ತಿಕೊಂಡು, ಕಂಡಕ್ಟರಿಗೆ ಕೈತೋರಿಸಿ, "ಬನ್ನಿ ಚಿಕ್ಕಮ್ಮಾ, ಬೇಗ" ಎಂದೆ.

ಚಿಕ್ಕಮ್ಮ ಕೂತಲ್ಲಿಂದ ಅಲುಗಲಿಲ್ಲ. ಸವರುತ್ತಿದ್ದ ಕೈಯನ್ನೂ ನಿಲ್ಲಿಸಲಿಲ್ಲ.

"ಅದು ಓಗ್ಲಿ ಬಿಡು ಪುಟ್ಟಿ," ಎಂದರು. "ಇವ್ರುದು ಇನ್ನೂ ಮುಗ್ದಿಲ್ಲ."